ಮಲೆನಾಡಿನಲ್ಲಿ ಹಳೆಯ ನಾಟಕವೊಂದನ್ನು ಚಿತ್ರೀಕರಿಸುವ ಬಗೆ

‘ಶೂದ್ರ ತಪಸ್ವಿ’ಯಂಥ ನಾಟಕವನ್ನು ವಿಡಿಯೊದಲ್ಲಿ ದಾಖಲಿಸಲು ಹೊರಟವರು ಎಲ್ಲಕ್ಕಿಂತ ಮೊದಲು ಧ್ವನಿಯ ವ್ಯವಸ್ಥೆಯನ್ನು ನೋಡಿಕೊಳ್ಳಬೇಕು. ಕುವೆಂಪು ಅದನ್ನು ಸರಳ ರಗಳೆಯಲ್ಲಿ, ಎಂದರೆ ಪ್ರಾಸದ ಕಟ್ಟಿಲ್ಲದ ಪದ್ಯದಲ್ಲಿ ಬರೆದಿದ್ದಾರೆ. ನಟನು ಸಾಲನ್ನು ಎಲ್ಲಿ ಮುರಿದ, ಎಲ್ಲಿ ಉಸಿರೆಳೆದುಕೊಂಡ ಎಂಬುದು ಕೇಳಿಸದೆ ಹೋದರೆ, ಚಿತ್ರ ಎಷ್ಟೇ ಸ್ಫುಟವಾಗಿದ್ದರೂ ನಾಟಕ ಉಳಿದಂತಾಗುವುದಿಲ್ಲ.

ಅದಕ್ಕೂ ಮುಂಚೆ ಅನುಮತಿಯ ಕೆಲಸವನ್ನು ಮುಗಿಸಿಕೊಳ್ಳಿ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ನಂತರ 60 ವರ್ಷಗಳವರೆಗೆ ಹಕ್ಕುಸ್ವಾಮ್ಯ ಇರುತ್ತದೆ. 1946ರಲ್ಲಿ ನಿಧನರಾದ ಕೈಲಾಸಂ ಅವರ ನಾಟಕಗಳಿಗೆ ಈಗ ಆ ಕಟ್ಟಿಲ್ಲ; 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕೃತಿಗಳಿಗೆ 2054ರ ಕೊನೆಯವರೆಗೂ ಇದೆ. ಪ್ರದರ್ಶನಕ್ಕೆ ಪಡೆದ ಒಪ್ಪಿಗೆ ಚಿತ್ರೀಕರಣಕ್ಕೂ ಸಲ್ಲುತ್ತದೆಂದು ಭಾವಿಸದೆ, ಎರಡನ್ನೂ ಪತ್ರದಲ್ಲಿ ಪ್ರತ್ಯೇಕವಾಗಿ ಕೇಳಿ. ಅನುವಾದಿತ ನಾಟಕವಾದರೆ ಅನುವಾದಕರ ಹಕ್ಕು ಬೇರೆಯೇ ಇರುತ್ತದೆ. ನಟರಿಂದಲೂ ಹಿಮ್ಮೇಳದವರಿಂದಲೂ ಬರಹದಲ್ಲಿ ಒಪ್ಪಿಗೆ ಪಡೆಯುವುದು ನ್ಯಾಯ.

ದಿನವನ್ನು ಗೊತ್ತುಮಾಡುವಾಗ ಮಳೆಯನ್ನು ಮರೆಯಬಾರದು. ಒಮ್ಮೆ ಜುಲೈ ತಿಂಗಳಿನಲ್ಲಿ ತಗಡಿನ ಮಾಡು ಇದ್ದ ಸಭಾಭವನವೊಂದರಲ್ಲಿ ನಾನು ಎರಡು ಗಂಟೆಯ ನಾಟಕವನ್ನು ಚಿತ್ರೀಕರಿಸಿದೆ. ಎದುರು ಕುಳಿತ ಪ್ರೇಕ್ಷಕರು ನಟರ ತುಟಿ ನೋಡಿಕೊಂಡು ಮಾತನ್ನು ಹಿಡಿದರು. ಮೈಕಿಗೆ ಮಾತ್ರ ಮಳೆಯ ಸದ್ದೊಂದೇ ಸಿಕ್ಕಿತು. ಆ ತಂಡ ಮತ್ತೆ ಆ ನಾಟಕವನ್ನು ಆಡಲಿಲ್ಲವಾದ್ದರಿಂದ ನನಗದು ಇಂದಿಗೂ ನೋವಿನ ಸಂಗತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಂಕ್ರೀಟ್ ಮಾಡಿನ ರಂಗಮಂದಿರವನ್ನೇ ಆರಿಸಿಕೊಳ್ಳಿ. ಕರೆಂಟು ಹೋದರೆ ಹಚ್ಚುವ ಜನರೇಟರ್ ಎಲ್ಲಿದೆ, ಅದರ ಸದ್ದು ಒಳಗೆ ಎಷ್ಟು ಕೇಳುತ್ತದೆ ಎಂಬುದನ್ನು ಹಿಂದಿನ ದಿನವೇ ಪರೀಕ್ಷಿಸಿ.

ಸಭಾಂಗಣದ ಮೈಕುಗಳ ಧ್ವನಿಯನ್ನು ಒಂದುಗೂಡಿಸುವ ಮಿಕ್ಸರ್‌ನಿಂದ ಬರುವ ಧ್ವನಿಯೊಂದನ್ನೇ ನಂಬಬೇಡಿ, ಏಕೆಂದರೆ ಬಹಳ ಕಡೆ ಅದಕ್ಕೆ ಹಾರ್ಮೋನಿಯಂ, ತಬಲಾಗಳ ಮೈಕುಗಳು ಮಾತ್ರ ಸೇರಿರುತ್ತವೆ. ರಂಗದ ಮುಂದಿನ ಅಂಚಿನಲ್ಲಿ ಎರಡು ಮೂರು ಮೈಕುಗಳನ್ನು ತೆಳುವಾದ ಸ್ಪಂಜಿನ ಮೇಲಿಟ್ಟು, ಪ್ರತ್ಯೇಕ ರೆಕಾರ್ಡರ್‌ಗೆ ಸೇರಿಸಿ. ಸ್ಪಂಜು ಇಲ್ಲದಿದ್ದರೆ ಹಲಗೆಯ ಮೇಲಿನ ಪ್ರತಿ ಹೆಜ್ಜೆಯೂ ಗುಡುಗಿದಂತೆ ಕೇಳುತ್ತದೆ. ಗಟ್ಟಿ ದನಿಯ ಮಾತಿನಲ್ಲೂ ರೆಕಾರ್ಡರ್ ತೋರಿಸುವ ಧ್ವನಿಯ ಮಟ್ಟ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರಲಿ. ಕ್ಯಾಮೆರಾ ಮತ್ತು ರೆಕಾರ್ಡರ್ ಎರಡೂ ಓಡುತ್ತಿರುವಾಗ ನಾಟಕ ಶುರುವಾಗುವ ಮೂರನೇ ಬೆಲ್‌ಗೆ ಮೊದಲು ಒಂದು ಚಪ್ಪಾಳೆ ತಟ್ಟಿಸಿದರೆ, ಮುಂದೆ ಚಿತ್ರಕ್ಕೆ ಧ್ವನಿಯನ್ನು ಹೊಂದಿಸುವುದು ಸುಲಭ.

ಕ್ಯಾಮೆರಾವನ್ನು ಪ್ರೇಕ್ಷಕರ ತಲೆಗಿಂತ ತುಸು ಮೇಲೆ, ನಡುವಿನ ಸಾಲಿಗೆ ನೇರವಾಗಿ, ಜನರು ಓಡಾಡದ ಜಾಗದಲ್ಲಿ ನಿಲ್ಲಿಸಿ. ಸೆಕೆಂಡಿಗೆ 25 ಫ್ರೇಮ್, ಶಟರ್ ವೇಗ ಸೆಕೆಂಡಿನ 1/50 ಇಟ್ಟುಕೊಂಡರೆ ನಮ್ಮ 50 ಹರ್ಟ್ಸ್ ವಿದ್ಯುತ್ತಿನ ದೀಪಗಳು ಸಾಮಾನ್ಯವಾಗಿ ಮಿನುಗುವುದಿಲ್ಲ. ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ), ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಯಾವುದೂ ಆಟೋದಲ್ಲಿರಬಾರದು. ಇದ್ದರೆ ಬೆಳಕಿನ ವಿನ್ಯಾಸಕರು ಬೇಕೆಂದೇ ತಂದ ಕತ್ತಲನ್ನು ಕ್ಯಾಮೆರಾ ಬೂದುಬಣ್ಣಕ್ಕೆ ತಿರುಗಿಸಿಬಿಡುತ್ತದೆ. ಅತಿ ಹೆಚ್ಚು ಬೆಳಕು ಬೀಳುವ ದೃಶ್ಯದಲ್ಲಿ ನಟನ ಹಣೆ ಬೆಳ್ಳಗೆ ಸುಟ್ಟಂತೆ ಕಾಣದಷ್ಟಕ್ಕೆ ಹೊಂದಿಸಿ, ಅಲ್ಲಿಗೇ ಬಿಡಿ.

ಒಂದೇ ಕ್ಯಾಮೆರಾ ಇದ್ದವರಿಗೆ ಮುಖಗಳನ್ನು ಹತ್ತಿರದಿಂದ ತೋರಿಸುವ ಆಸೆ ಬಹಳ. ಆ ಆಸೆಯನ್ನು ಪ್ರದರ್ಶನದ ದಿನ ಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ‘ಶೂದ್ರ ತಪಸ್ವಿ’ಯಲ್ಲಿ ರಾಮನು ಬಿಟ್ಟ ಅಸ್ತ್ರ ಶೂದ್ರ ತಪಸ್ವಿಯಾದ ಶಂಬೂಕನನ್ನು ಕೊಲ್ಲದೆ, ಅವನ ವಧೆಯನ್ನು ಬಯಸಿದ ಬ್ರಾಹ್ಮಣನತ್ತಲೇ ತಿರುಗುವ ಘಳಿಗೆಯನ್ನು ನೆನೆದುಕೊಳ್ಳಿ. ಆಗ ಬ್ರಾಹ್ಮಣನ ಬೆದರಿದ ಮುಖವೊಂದೇ ತೆರೆಯ ತುಂಬ ಇದ್ದರೆ, ಅಲುಗದೆ ಕುಳಿತ ತಪಸ್ವಿಯೂ ಕೈಬಿಲ್ಲು ಇಳಿಸಿ ನಿಂತ ರಾಮನೂ ಕಾಣದೆ ಹೋಗುತ್ತಾರೆ; ನಿರ್ದೇಶಕರು ವಾರಗಟ್ಟಲೆ ತಾಲೀಮಿನಲ್ಲಿ ಕಟ್ಟಿದ ಅಂತರ ವ್ಯರ್ಥವಾಗುತ್ತದೆ. ಪ್ರದರ್ಶನವನ್ನು ಇಡೀ ರಂಗ ಕಾಣುವಂತೆ ಚಿತ್ರೀಕರಿಸಿ, ಹತ್ತಿರದ ಚಿತ್ರಗಳನ್ನು ವೇಷ-ಬೆಳಕು ಸಹಿತವಾದ ಗ್ರ್ಯಾಂಡ್ ರಿಹರ್ಸಲ್‌ನಲ್ಲಿ ತೆಗೆದುಕೊಳ್ಳಿ. ನಿರ್ದೇಶಕರ ಪಕ್ಕ ಕುಳಿತು ಒಂದು ತಾಲೀಮನ್ನಾದರೂ ಪೂರ್ತಿ ನೋಡದವರು ಕ್ಯಾಮೆರಾ ಹಿಡಿಯಬಾರದು.

50 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 50 ಮೆಗಾಬಿಟ್) ದಾಖಲಿಸಿದರೆ ಒಂದು ಗಂಟೆಗೆ ಸುಮಾರು 22.5 ಜಿಬಿ ಬೇಕಾಗುವುದರಿಂದ ಎರಡೂವರೆ ಗಂಟೆಯ ನಾಟಕಕ್ಕೆ 128 ಜಿಬಿಯ ಕಾರ್ಡ್ ಇರಲಿ. ಕೆಲವು ಕ್ಯಾಮೆರಾಗಳು ಅರ್ಧ ಗಂಟೆಗೆ ತಾವಾಗಿಯೇ ನಿಲ್ಲುತ್ತವೆ, ಇದನ್ನು ಮೊದಲೇ ತಿಳಿದುಕೊಳ್ಳಿ. ಅದೇ ರಾತ್ರಿ ಎರಡು ಹಾರ್ಡ್ ಡಿಸ್ಕ್‌ಗಳಿಗೆ ನಕಲು ಮಾಡಿ, ಒಂದನ್ನು ಬೇರೆ ಮನೆಯಲ್ಲಿಡಿ. ಮಲೆನಾಡಿನ ತೇವಕ್ಕೆ ಲೆನ್ಸಿನಲ್ಲಿ ಬೂಷ್ಟು ಬೆಳೆಯುವುದರಿಂದ ಲೆನ್ಸುಗಳನ್ನೂ ಡಿಸ್ಕುಗಳನ್ನೂ ತೇವ ಹೀರುವ ಸಿಲಿಕಾ ಜೆಲ್ ಹಾಕಿದ, ಗಾಳಿಯಾಡದ ಡಬ್ಬಿಯಲ್ಲಿಟ್ಟು, ನಾಟಕದ ಹೆಸರು, ದಿನಾಂಕ, ಊರು, ನಟವರ್ಗದ ಪಟ್ಟಿಯನ್ನು ಬರೆದ ಚೀಟಿಯನ್ನು ಡಿಸ್ಕಿನ ಜೊತೆಗೇ ಇರಿಸಿ.