ಮೊದಲು ಬೈನಾಕ್ಯುಲರಿನ ಬಲಗಣ್ಣು, ಆಮೇಲೆ ಹಕ್ಕಿ

ಭಾನುವಾರ ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಬ್ಬರಾದರೂ ಸಿಗುತ್ತಾರೆ. ಕೊರಳಲ್ಲಿ ಹೊಸ ಬೈನಾಕ್ಯುಲರ್. ಕಣ್ಣಿಗಿಟ್ಟುಕೊಂಡು ಆಕಾಶ, ಮರ, ನೀರು ಎಲ್ಲ ತಡಕಾಡಿ, ‘ಏನೂ ಕಾಣ್ತಿಲ್ವಲ್ರೀ’ ಅನ್ನುತ್ತಾರೆ. ಎದುರಿನ ನಡುಗಡ್ಡೆಯ ಮರದಲ್ಲೇ ಹೆಜ್ಜಾರ್ಲೆಗಳು (ಪೆಲಿಕನ್) ಕೂತಿರುತ್ತವೆ. ಅದೇನು ಗುಬ್ಬಚ್ಚಿ ಗಾತ್ರದ ಹಕ್ಕಿಯಲ್ಲ! ಹತ್ತು ನಿಮಿಷಕ್ಕೆ ಅವರಿಗೆ ತಲೆನೋವು. ಮುಂದಿನ ವಾರ ಬೈನಾಕ್ಯುಲರ್ ಬೀರು ಸೇರುತ್ತದೆ. ಅದನ್ನು ತಮ್ಮ ಕಣ್ಣಿಗೆ ಹೊಂದಿಸಿಕೊಂಡಿರುವುದೇ ಇಲ್ಲ.

ಕೊಳ್ಳುವುದಾದರೆ 8×42 ಕೊಳ್ಳಿ. ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ. 20 ಪಟ್ಟಿನದು ಇನ್ನೂ ಒಳ್ಳೆಯದಲ್ವಾ ಅಂತ ಕೇಳಬೇಡಿ. ಹಕ್ಕಿಯ ಜೊತೆ ಕೈನಡುಕವೂ 20 ಪಟ್ಟಾಗುತ್ತದೆ. ಗಾಜು ಕೆಂಪಗೆ ಮಿರುಗುವ ಅಗ್ಗದ ಮಾಲು ಸಿಗುತ್ತದೆ, ಅದಂತೂ ಬೇಡವೇ ಬೇಡ. ನಾನೂ ಒಂದು ತಂದಿದ್ದೆ. ಅದರಲ್ಲಿ ಬೆಳ್ಳಕ್ಕಿ ಹಸಿರಾಗಿ ಕಾಣುತ್ತಿತ್ತು.

ಹೊಂದಿಸುವ ಕೆಲಸ ಹಕ್ಕಿ ನೋಡಲು ಹೊರಡುವ ಹಿಂದಿನ ದಿನ ಬೆಳಕಿರುವಾಗಲೇ ಮಹಡಿ ಮೇಲೆ ಮುಗಿಸಿಕೊಳ್ಳಿ. ಮೊದಲು ಕಣ್ಣಿಡುವ ಕಡೆಯ ರಬ್ಬರ್ ಬಟ್ಟಲು. ಕನ್ನಡಕ ಹಾಕುವವರು ಅದನ್ನು ಪೂರ್ತಿ ಒಳಗೆ ತಿರುಗಿಸಬೇಕು, ಹಾಕದವರು ಹೊರಗೆಳೆಯಬೇಕು. ಆಮೇಲೆ ಎರಡು ಕೊಳವೆಗಳನ್ನು ಮಡಚಿ ಬಿಚ್ಚಿ, ಎರಡು ವೃತ್ತ ಸೇರಿ ಒಂದೇ ವೃತ್ತ ಕಾಣುವಲ್ಲಿ ನಿಲ್ಲಿಸಿ. ಸಿನಿಮಾದಲ್ಲಿ ತೋರಿಸುವ ಎಂಟರ ಆಕಾರ ಸುಳ್ಳು.

ಎಲ್ಲರೂ ಬಿಡುವುದು ಮುಂದಿನದನ್ನೇ. ದೂರದ ಅಂಗಡಿ ಬೋರ್ಡೊಂದನ್ನು ಹಿಡಿಯಿರಿ. ಬಲಗಡೆಯ ಮುಂದಿನ ಗಾಜನ್ನು ಅಂಗೈಯಿಂದ ಮುಚ್ಚಿ. ಎರಡೂ ಕಣ್ಣು ತೆರೆದೇ ಇರಲಿ. ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಅಕ್ಷರ ಸ್ಪಷ್ಟವಾಗಿಸಿ. ಈಗ ಎಡಗಡೆ ಮುಚ್ಚಿ. ನಡುವಿನ ಚಕ್ರ ಮುಟ್ಟಬೇಡಿ. ಬಲಗಣ್ಣಿನ ಹತ್ತಿರ ಒಂದು ಬಳೆ ಇರುತ್ತದೆ, ಅದನ್ನು ಮಾತ್ರ ತಿರುಗಿಸಿ, ಅದೇ ಅಕ್ಷರ ಚೂಪಾಗುವವರೆಗೆ. ನಮ್ಮ ಎರಡು ಕಣ್ಣುಗಳ ಶಕ್ತಿ ಸಾಮಾನ್ಯವಾಗಿ ಒಂದೇ ಇರುವುದಿಲ್ಲ, ಆ ವ್ಯತ್ಯಾಸ ತುಂಬುವುದು ಈ ಬಳೆ. ಬಳೆ ನಿಂತ ಜಾಗಕ್ಕೆ ಉಗುರುಬಣ್ಣದ ಒಂದು ಚುಕ್ಕೆ ಇಡಿ. ಮನೆಯವರು ಯಾರಾದರೂ ‘ಒಂದ್ನಿಮಿಷ ಕೊಡು’ ಅಂತ ಕಸಿದುಕೊಂಡು ತಿರುಗಿಸಿಯೇ ತಿರುಗಿಸುತ್ತಾರೆ.

ಇನ್ನು ಹಕ್ಕಿಯನ್ನು ಗಾಜಿನೊಳಗೆ ಹಿಡಿಯುವುದು. ಬರಿಗಣ್ಣಿಗೆ ಕಂಡ ಹಕ್ಕಿಯಿಂದ ದೃಷ್ಟಿ ಕದಲಿಸದೆ ಬೈನಾಕ್ಯುಲರನ್ನು ಕಣ್ಣಿನ ಹತ್ತಿರ ತನ್ನಿ. ತಲೆ ಬಗ್ಗಿಸಿ ಬೈನಾಕ್ಯುಲರ್ ನೋಡಿಕೊಂಡಿರೋ, ಹಕ್ಕಿ ಹೋಯಿತು. ಇಪ್ಪತ್ತು ಸಲ ತೆಂಗಿನಕಾಯಿ ಮೇಲೆ ಅಭ್ಯಾಸ ಮಾಡಿ. ತೆಂಗಿನಕಾಯಿ ಹಾರುವುದಿಲ್ಲ.

ಹೊರಡುವಾಗ ಟೋಪಿ, ನೀರು, ಮಾಸಲು ಬಣ್ಣದ ಬಟ್ಟೆ, ಕಂಡ ಹಕ್ಕಿಗಳ ಪಟ್ಟಿ ಬರೆಯಲು ಪುಟ್ಟ ಪುಸ್ತಕ, ಪೆನ್ಸಿಲ್. ನವೆಂಬರ್‌ನಿಂದ ಫೆಬ್ರವರಿವರೆಗೆ ಬಂದರೆ ವಲಸೆ ಹಕ್ಕಿಗಳೂ ಸಿಗುತ್ತವೆ.

ಆರೂವರೆಗೆ ಕುಕ್ಕರಹಳ್ಳಿಯಲ್ಲಿರಿ. ಸೂರ್ಯ ನಿಮ್ಮ ಬೆನ್ನಿಗಿರಬೇಕು. ಎದುರು ಬಿಸಿಲಿನಲ್ಲಿ ಎಲ್ಲ ಹಕ್ಕಿಯೂ ಕಾಗೆಯೇ. ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವ ಕಪ್ಪು ಹಕ್ಕಿಯನ್ನು ಕಂಡ ಕೂಡಲೇ ನೀರುಕಾಗೆ ಅಂತ ಬರೆಯಬೇಡಿ, ಹಾವಕ್ಕಿಯೂ ಹಾಗೇ ಕೂರುತ್ತದೆ. ಕೊಕ್ಕು ನೋಡಿ. ತುದಿ ಕೊಕ್ಕೆಯಂತೆ ಬಾಗಿದ್ದರೆ ನೀರುಕಾಗೆ, ದಬ್ಬಳದಂತೆ ನೆಟ್ಟಗಿದ್ದರೆ ಹಾವಕ್ಕಿ. ಈಜುವಾಗ ಹಾವಕ್ಕಿ ಮೈಯನ್ನೆಲ್ಲ ಮುಳುಗಿಸಿ ಕತ್ತು ಮಾತ್ರ ಹೊರಗಿಟ್ಟಿರುತ್ತದೆ. ಆ ಹೆಸರು ಸುಮ್ನೆ ಬಂದದ್ದಲ್ಲ. ಬೆಳ್ಳಕ್ಕಿಗಳಲ್ಲಿ ಕಪ್ಪು ಕೊಕ್ಕು, ಹಳದಿ ಪಾದ ಇದ್ದರೆ ಸಣ್ಣ ಬೆಳ್ಳಕ್ಕಿ. ಹಣೆಗೆ ಬಿಳಿ ನಾಮ ಇರುವ ಕಪ್ಪು ಹಕ್ಕಿ ನೀರಲ್ಲಿ ತೇಲುತ್ತಿದ್ದರೆ ನಾಮದ ಕೋಳಿ.

ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೆಸುವವರನ್ನು ನಾನು ಜೊತೆಗೆ ಕರೆದೊಯ್ಯುವುದಿಲ್ಲ. ತನ್ನ ಜಾಗಕ್ಕೆ ಇನ್ನೊಂದು ಬಂತು ಅಂತ ಗೂಡು, ಮೇವು ಬಿಟ್ಟು ಹಕ್ಕಿ ಒದ್ದಾಡುತ್ತದೆ. ಕೂಗು ಕೇಳಿ ಹೆಸರು ಹೇಳುವ ಆ್ಯಪ್ ಇದೆ, ಬಳಸಿ, ಆದರೆ ಕಣ್ಣಾರೆ ಕಾಣದ್ದನ್ನು ಪಟ್ಟಿಗೆ ಸೇರಿಸಬೇಡಿ.

ತಿಂಡಿ ಆದ ಮೇಲೆ ಕಾರಂಜಿ ಕೆರೆ. ಮಂಗಳವಾರ ರಜೆ. ಅಲ್ಲಿನ ಬಲೆಯೊಳಗೆ ಸಾಕಿದ ಹಕ್ಕಿಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಹಿಡಿದವರನ್ನು ನೋಡಿದ್ದೇನೆ.

ಮಧ್ಯಾಹ್ನ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು, ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನ ಮೇಲೆ 1940ರಲ್ಲಿ ಪಕ್ಷಿಧಾಮವಾದ ಜಾಗ. ದೋಣಿ ಗೂಡುಗಳಿಗೆ ಎಷ್ಟು ಹತ್ತಿರ ಹೋಗುತ್ತದೆ ಎಂದರೆ, ಬಣ್ಣದ ಕೊಕ್ಕರೆ ನೋಡಲು ಬೈನಾಕ್ಯುಲರ್ ಬೇಕಿಲ್ಲ. ದೋಣಿಯಿಂದ ಕೈ ಹೊರಗೆ ಹಾಕಬೇಡಿ, ಬಂಡೆ ಮೇಲೆ ಮಲಗಿರುವುದು ಮೊಸಳೆ.

ಸಂಜೆ ಲಿಂಗಾಂಬುಧಿ ಕೆರೆ. ಮನೆಗೆ ಬಂದ ಮೇಲೆ ಗಾಜನ್ನು ಅಂಗಿಯ ತುದಿಯಿಂದ ಉಜ್ಜಬೇಡಿ. ಮೊದಲು ಧೂಳನ್ನು ಮೆತ್ತನೆಯ ಬ್ರಷ್‌ನಿಂದ ಹಾರಿಸಿ, ಆಮೇಲೆ ಕನ್ನಡಕದ ಬಟ್ಟೆಯಿಂದ ಒರೆಸಿ. ಹಾಗೇ ಆ ಉಗುರುಬಣ್ಣದ ಚುಕ್ಕೆ ಎಲ್ಲಿದೆ ನೋಡಿ. ಯಾರೋ ತಿರುಗಿಸಿರುತ್ತಾರೆ.