ವೈನ್ ರುಚಿ ಕಲಿಯಲು ಎರಡು ಬಾಟಲಿ ಬೇಕು

ಒಂದೇ ವೈನನ್ನು ಲೋಟಕ್ಕೆ ಸುರಿದುಕೊಂಡು ಕೂತರೆ ಹೊಸಬರಿಗೆ ಸಿಗುವುದು ದ್ರಾಕ್ಷಿ, ಹುಳಿ, ಒಂದಿಷ್ಟು ಘಾಟು, ಅಷ್ಟೇ. ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ: ಇದು ಅದಕ್ಕಿಂತ ಹುಳಿ, ಅದು ಇದಕ್ಕಿಂತ ಒಗರು, ಇದರ ವಾಸನೆ ಹಸಿ ಸೊಪ್ಪಿನದು, ಅದರದ್ದು ಕಳಿತ ಹಣ್ಣಿನದು ಎಂದು ಮಾತು ತಾನಾಗಿ ಹೊರಡುತ್ತದೆ. ಕಲಿಯುವವರಿಗೆ ಮೂರು ಸಾವಿರ ರೂಪಾಯಿ ಬೆಲೆಯ ಒಂದು ಬಾಟಲಿಗಿಂತ ಸಾವಿರ ರೂಪಾಯಿ ಆಸುಪಾಸಿನ ಎರಡು ಬಾಟಲಿಗಳು ಹೆಚ್ಚು ಕಲಿಸುತ್ತವೆ. ರುಚಿ ನೋಡಲು ತಲಾ 50 ಮಿ.ಲೀ. ಸಾಕು. 750 ಮಿ.ಲೀ. ಬಾಟಲಿಯಲ್ಲಿ ಅಂಥ 15 ಪಾಲು ಇರುವುದರಿಂದ ನಾಲ್ಕು ಮಂದಿ ಗೆಳೆಯರು ಸೇರಿ ದುಡ್ಡು ಹಾಕಿಕೊಳ್ಳುವುದು ಜಾಣತನ.

ಯಾವ ಜೋಡಿ?

ಮೊದಲ ದಿನ ಬಿಳಿ ವೈನ್: ಶೆನಿನ್ ಬ್ಲಾಂಕ್ ಮತ್ತು ಸೊವಿನ್ಯೋನ್ ಬ್ಲಾಂಕ್. ಇನ್ನೊಂದು ದಿನ ಕೆಂಪು: ಶಿರಾಜ್ ಮತ್ತು ಕ್ಯಾಬರ್ನೆ ಸೊವಿನ್ಯೋನ್. ನಾಸಿಕ್‌ನ ಸುಲಾ, ನಂದಿ ಬೆಟ್ಟದ ಕಡೆಯ ಗ್ರೋವರ್ ಮುಂತಾದವರು ಇಂಥ ತಳಿಗಳ ವೈನ್ ಮಾಡುತ್ತಾರೆ. ಸಾಧ್ಯವಾದರೆ ಎರಡೂ ಬಾಟಲಿ ಒಂದೇ ತಯಾರಕರದ್ದು, ಒಂದೇ ವರ್ಷದ್ದು ಆಗಿರಲಿ. ಆಗ ಕಾಣುವ ವ್ಯತ್ಯಾಸ ಬಹುಪಾಲು ದ್ರಾಕ್ಷಿ ತಳಿಯದ್ದೇ ಆಗಿರುತ್ತದೆ. ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ಪೋರ್ಟ್ ಮಾದರಿಯ ವೈನನ್ನು ಈ ಜೋಡಿಯಲ್ಲಿ ಸೇರಿಸಬೇಡಿ. ಅದರ ಗಾಢ ಪರಿಮಳ ಮತ್ತು ಸಕ್ಕರೆಯ ಮುಂದೆ ಪಕ್ಕದ ಲೋಟದ ಸೂಕ್ಷ್ಮಗಳು ಮುಚ್ಚಿಹೋಗುತ್ತವೆ. ಅದಕ್ಕೆ ಬೇರೆಯೇ ಒಂದು ಸಂಜೆ ಇಟ್ಟುಕೊಳ್ಳಿ.

ಹಳೆಯದಾದಷ್ಟೂ ಒಳ್ಳೆಯದು ಎಂಬ ಮಾತು ಈ ಬೆಲೆಯ ವೈನಿಗೆ ಸಲ್ಲುವುದಿಲ್ಲ. ಬಿಳಿ ವೈನಾದರೆ ಕೊಯ್ಲಾಗಿ ಎರಡು ವರ್ಷ ದಾಟದ ಬಾಟಲಿ ಕೇಳಿ. ಅಂಗಡಿಯ ಕಿಟಕಿ ಬಿಸಿಲಿನಲ್ಲಿ, ಟ್ಯೂಬ್‌ಲೈಟ್ ಬುಡದಲ್ಲಿ ತಿಂಗಳುಗಟ್ಟಲೆ ನಿಂತ ಬಾಟಲಿ ಬೇಡ. ನಮ್ಮ ಊರುಗಳಲ್ಲಿ ವೈನನ್ನು ಕೆಡಿಸುವ ದೊಡ್ಡ ಶತ್ರು ಸೆಕೆ. ತಿರುಪು ಮುಚ್ಚಳ ಕಂಡು ಅಗ್ಗದ್ದೆಂದು ತಳ್ಳಿಹಾಕಬೇಡಿ, ಬೇಗ ಕುಡಿಯುವ ವೈನಿಗೆ ಅದು ಕಾರ್ಕಿಗಿಂತ ಭದ್ರ.

ವೈನಿಗೆ ಮುಂಚೆ ನೀರಿನ ಪಾಠ

ನಾಲ್ಕು ಲೋಟಗಳಲ್ಲಿ ತಲಾ 250 ಮಿ.ಲೀ. ನೀರು. ಒಂದಕ್ಕೆ ಒಂದು ಟೀ ಚಮಚ ಸಕ್ಕರೆ. ಎರಡನೆಯದಕ್ಕೆ ಒಂದು ಸಣ್ಣ ನಿಂಬೆಹಣ್ಣಿನ ರಸ. ಮೂರನೆಯದಕ್ಕೆ ಅಷ್ಟೇ ಸಕ್ಕರೆ, ಅಷ್ಟೇ ನಿಂಬೆರಸ. ನಾಲ್ಕನೆಯದು ಬಿಸಿನೀರು: ಅದರಲ್ಲಿ ಎರಡು ಟೀ ಬ್ಯಾಗ್ ಹತ್ತು ನಿಮಿಷ ನೆನೆಸಿ, ತೆಗೆದು ಆರಿಸಿದ ಡಿಕಾಕ್ಷನ್, ಹಾಲಿಲ್ಲ, ಸಕ್ಕರೆಯಿಲ್ಲ.

ಮೊದಲನೆಯದನ್ನೂ ಮೂರನೆಯದನ್ನೂ ಒಂದರ ಹಿಂದೆ ಒಂದು ಗುಟುಕರಿಸಿ. ಸಕ್ಕರೆ ಅಷ್ಟೇ ಇದ್ದರೂ ಮೂರನೆಯದು ಕಡಿಮೆ ಸಿಹಿ ಎನಿಸುತ್ತದೆ, ಹುಳಿ ಸಿಹಿಯನ್ನು ಮರೆಮಾಡುತ್ತದೆ. ಎರಡನೆಯದನ್ನು ನುಂಗಿ ತಲೆ ತಗ್ಗಿಸಿದರೆ ದವಡೆಯ ಪಕ್ಕಗಳಲ್ಲಿ ಜೊಲ್ಲು ಊರುತ್ತದೆ. ವೈನಿನ ಹುಳಿಯನ್ನು ಅಳೆಯುವುದು ಆ ಜೊಲ್ಲಿನಿಂದ. ಡಿಕಾಕ್ಷನ್ ಕುಡಿದು ನಾಲಿಗೆಯನ್ನು ಮೇಲ್ವಸಡಿನ ಮೇಲೆ ಆಡಿಸಿ, ಒರಟಾಗಿ ಹಿಡಿದಂತೆ ಆಗುತ್ತದೆ. ಅದು ಚಹಾದಲ್ಲೂ ಕೆಂಪು ವೈನಿನಲ್ಲೂ ಇರುವ ಟ್ಯಾನಿನ್ ಎಂಬ ವಸ್ತು ತರುವ ಒಗರು. ಹೊಸಬರು ಇದನ್ನು ಕಹಿ ಎಂದು ಬರೆಯುವುದುಂಟು. ಕಹಿ ನಾಲಿಗೆಯ ರುಚಿ, ಒಗರು ಬಾಯಿ ಒಣಗಿಸುವ ಸ್ಪರ್ಶ. ಲೇಬಲ್ಲಿನ ಮೇಲಿನ ‘ಡ್ರೈ’ಗೂ ಈ ಒಣಗುವಿಕೆಗೂ ಸಂಬಂಧವಿಲ್ಲ, ಅದು ಸಕ್ಕರೆ ಉಳಿದಿಲ್ಲ ಎಂಬುದರ ಸೂಚನೆ.

ಸಿದ್ಧತೆ

ಊಟಕ್ಕೆ ಮುಂಚಿನ ಹೊತ್ತು ಒಳ್ಳೆಯದು. ಹಲ್ಲುಜ್ಜಿ, ಕಾಫಿ ಕುಡಿದು ಒಂದು ಗಂಟೆಯಾದರೂ ಕಳೆದಿರಲಿ. ಅಗರಬತ್ತಿ, ಸೆಂಟು, ಒಲೆಯ ಮೇಲಿನ ಒಗ್ಗರಣೆ ಯಾವುದೂ ಇರಬಾರದು. ಒಗ್ಗರಣೆ ಘಮದ ಎದುರು ಯಾವ ವೈನೂ ನಿಲ್ಲದು. ಬಿಳಿ ವೈನನ್ನು ಫ್ರಿಜ್ಜಿನಲ್ಲಿ ಮೂರು ಗಂಟೆ ಇಟ್ಟು, ಬಡಿಸುವ ಹತ್ತು ನಿಮಿಷ ಮೊದಲು ಹೊರತೆಗೆಯಿರಿ. 8ರಿಂದ 12 ಡಿಗ್ರಿ ಸೆಲ್ಸಿಯಸ್ ಸರಿ. ತೀರಾ ತಣ್ಣಗಿದ್ದರೆ ಪರಿಮಳ ಏಳುವುದಿಲ್ಲ.

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆಯ ಮನೆಗಳಲ್ಲಿ. ಕಲಬುರಗಿಯ 35 ಡಿಗ್ರಿ ಇರಲಿ, ಬೆಂಗಳೂರಿನ 27 ಡಿಗ್ರಿಯಲ್ಲೂ ಆಲ್ಕೊಹಾಲಿನ ಘಾಟೇ ಮೂಗಿಗೆ ಹೊಡೆಯುತ್ತದೆ. ಒಂದರಿಂದ ಒಂದೂವರೆ ಗಂಟೆ ಫ್ರಿಜ್ಜಿನಲ್ಲಿಟ್ಟು 16–18 ಡಿಗ್ರಿಗೆ ಇಳಿಸಿ. ಅಗ್ಗದ ಕೆಂಪು ವೈನನ್ನು ಸುಧಾರಿಸುವ ಅತಿ ಸುಲಭದ ಕೆಲಸ ಇದು.

ಕೆಳಗೆ ಅಗಲ, ಬಾಯಿ ಕಿರಿದಾದ ಒಂದೇ ಅಳತೆಯ ಗಾಜಿನ ಲೋಟಗಳು, ಬಿಳಿ ಹಾಳೆ, ಕುಡಿಯುವ ನೀರು, ಸಪ್ಪೆ ಬ್ರೆಡ್, ಉಗುಳಲು ಒಂದು ಸ್ಟೀಲ್ ಚೊಂಬು. ಉಗುಳಲು ಸಂಕೋಚ ಬೇಡ. ನುಂಗುತ್ತಾ ಹೋದರೆ ಐದನೇ ಲೋಟದ ಹೊತ್ತಿಗೆ ಎಲ್ಲ ವೈನೂ ಚೆನ್ನಾಗಿಯೇ ಕಾಣುತ್ತವೆ.

ಕಣ್ಣು, ಮೂಗು, ಬಾಯಿ

ಲೋಟವನ್ನು ಹಾಳೆಯ ಮೇಲೆ ಓರೆಯಾಗಿ ಹಿಡಿದು ಅಂಚಿನ ಬಣ್ಣ ನೋಡಿ. ಎಳೆಯ ಕೆಂಪು ವೈನಿನ ಅಂಚು ನೇರಳೆ, ವಯಸ್ಸಾದದ್ದರ ಅಂಚು ಇಟ್ಟಿಗೆ ಬಣ್ಣ. ಗಾಜಿನ ಮೇಲೆ ಇಳಿಯುವ ಹನಿಗೆರೆಗಳು ಮುಖ್ಯವಾಗಿ ಆಲ್ಕೊಹಾಲ್ ಆವಿಯಾಗುವುದರಿಂದ ಮೂಡುವಂಥವು, ಗುಣಮಟ್ಟದ ಗುರುತಲ್ಲ.

ಕಣ್ಣಿಗೆ ಇಷ್ಟು ಸಾಕು. ಹೆಚ್ಚಿನ ಹೊತ್ತು ಮೂಗಿಗೆ ಕೊಡಿ. ಮೊದಲು ಲೋಟ ಅಲುಗಿಸದೆ ಒಂದು ಸಣ್ಣ ಉಸಿರು. ಬಳಿಕ ಲೋಟವನ್ನು ಮೇಜಿನ ಮೇಲೇ ಇಟ್ಟು ಐದಾರು ಸುತ್ತು ತಿರುಗಿಸಿ ಮತ್ತೆರಡು ಸಣ್ಣ ಉಸಿರು. ಉದ್ದಕ್ಕೆ ಎಳೆಯುತ್ತಲೇ ಇದ್ದರೆ ಮೂಗು ಮಂಕಾಗುತ್ತದೆ. ಆಗ ನಿಮ್ಮದೇ ಮುಂಗೈ ಮೂಸಿ, ಅರ್ಧ ನಿಮಿಷ ಬಿಟ್ಟು ಪಕ್ಕದ ಲೋಟಕ್ಕೆ ಹೋಗಿ.

ಮೊದಲ ಗುಟುಕು ಬಾಯಿ ತೊಳೆಯಲು ಮಾತ್ರ, ಅದರ ಮೇಲೆ ತೀರ್ಪು ಬೇಡ. ಎರಡನೆಯದು ಎರಡು ಟೀ ಚಮಚದಷ್ಟು. ಐದಾರು ಸೆಕೆಂಡ್ ಬಾಯಿತುಂಬ ಆಡಿಸಿ, ತುಟಿ ಸಂದಿಯಿಂದ ಸ್ವಲ್ಪ ಗಾಳಿ ಒಳಗೆಳೆದು, ಉಗುಳಿ, ಮೂಗಿನಿಂದ ಉಸಿರು ಬಿಡಿ. ನಾವು ರುಚಿ ಎನ್ನುವುದರಲ್ಲಿ ಬಹುಪಾಲು ಗಂಟಲಿನ ಹಿಂದಿನಿಂದ ಮೂಗಿಗೇರುವ ಈ ವಾಸನೆಯೇ. ವೈನ್ ನಿಜಕ್ಕೂ ಸಿಹಿಯೋ, ಹಣ್ಣಿನ ವಾಸನೆಯಿಂದ ಸಿಹಿ ಎನಿಸುತ್ತಿದೆಯೋ ಎಂಬ ಅನುಮಾನ ಬಂದರೆ ಮೂಗು ಮುಚ್ಚಿಕೊಂಡು ಗುಟುಕರಿಸಿ. ನಾಲಿಗೆಗೆ ಉಳಿಯುವುದೇ ನಿಜವಾದ ಸಿಹಿ. ಕೊನೆಗೆ, ರುಚಿ ಎಷ್ಟು ಸೆಕೆಂಡ್ ಉಳಿಯಿತೆಂದು ಎಣಿಸಿ.

ಅಡುಗೆಮನೆಯೇ ನಿಘಂಟು

ಬಾಟಲಿಯ ಬೆನ್ನಿನ ಮೇಲಿನ ಬ್ಲ್ಯಾಕ್‌ಕರಂಟ್, ಗೂಸ್‌ಬೆರ್ರಿಗಳನ್ನು ತಿಂದೇ ಇಲ್ಲದವರು ಅವನ್ನು ಬರೆಯಬೇಕಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನಲ್ಲಿದ್ದ ವಿಜ್ಞಾನಿ ಆನ್ ನೋಬಲ್ 1980ರ ದಶಕದಲ್ಲಿ ರೂಪಿಸಿದ, ವೈನಿನ ವಾಸನೆಗಳ ಹೆಸರುಗಳನ್ನು ಗುಂಪುಗುಂಪಾಗಿ ಜೋಡಿಸಿದ ಪರಿಮಳ ಚಕ್ರದ ತಿರುಳು ಇದೇ: ‘ಸೊಗಸು’, ‘ಗಂಭೀರ’ ಎಂಬಂಥ ಹೊಗಳಿಕೆ ಬಿಡಿ, ಇನ್ನೊಬ್ಬರೂ ಮೂಸಿ ನೋಡಬಹುದಾದ ವಸ್ತುವಿನ ಹೆಸರು ಹೇಳಿ.

ಸಣ್ಣ ಬಟ್ಟಲುಗಳಲ್ಲಿ ಹೆಚ್ಚಿದ ಹಸಿರು ಕ್ಯಾಪ್ಸಿಕಂ, ಕುಟ್ಟಿದ ಕಾಳುಮೆಣಸು, ಎರಡು ಲವಂಗ, ಸೀಬೆಹಣ್ಣಿನ ತುಂಡು, ಅನಾನಸ್, ಕಾಲವಿದ್ದರೆ ನೇರಳೆಹಣ್ಣು ಇಟ್ಟು ತಟ್ಟೆ ಮುಚ್ಚಿ. ಒಮ್ಮೆ ಬಟ್ಟಲು, ಒಮ್ಮೆ ಲೋಟ ಮೂಸಿ. ಕ್ಯಾಪ್ಸಿಕಂನ ಹಸಿ ವಾಸನೆ ಕೊಡುವ ಪೈರಜಿನ್ ಸೊವಿನ್ಯೋನ್ ಬ್ಲಾಂಕಿನಲ್ಲೂ ಕ್ಯಾಬರ್ನೆಯಲ್ಲೂ ಇರುತ್ತದೆ. ಕಾಳುಮೆಣಸಿನ ವಾಸನೆ ಕೊಡುವ ರೊಟಂಡೋನ್ ಶಿರಾಜಿನಲ್ಲಿದೆ. ಆದರೆ ಕೆಲವರ ಮೂಗಿಗೆ ಅದು ಹತ್ತುವುದೇ ಇಲ್ಲ. ಪಕ್ಕದವರು ಮೆಣಸು ಎಂದು ನಿಮಗೆ ಸಿಗದಿದ್ದರೆ ಬೇಸರ ಬೇಡ. ಲವಂಗದ ಯೂಜಿನಾಲ್ ಓಕ್ ಪೀಪಾಯಿಯಲ್ಲಿಟ್ಟ ವೈನಿಗೆ ಆ ಮರದಿಂದ ಬರುತ್ತದೆ. ಹುಣಸೆಯ ಹುಳಿ ಮತ್ತು ದ್ರಾಕ್ಷಿಯ ಹುಳಿ ಎರಡಕ್ಕೂ ಮೂಲ ಒಂದೇ, ಟಾರ್ಟಾರಿಕ್ ಆಮ್ಲ. ಬಾಟಲಿಯ ತಳದಲ್ಲಿ ಗಾಜಿನ ಪುಡಿಯಂಥ ಹರಳು ಕಂಡರೆ ಅದು ಸಾಮಾನ್ಯವಾಗಿ ಇದೇ ಆಮ್ಲದ ಲವಣ, ಹೆದರಬೇಕಿಲ್ಲ.

ಟಿಪ್ಪಣಿ ಚುಟುಕಾಗಿರಲಿ. ಶೆನಿನ್ ಬ್ಲಾಂಕಿಗೆ ಹೀಗೆ ಬರೆಯಬಹುದು: “ತೆಳು ಹುಲ್ಲಿನ ಬಣ್ಣ. ಸೀಬೆ, ಅನಾನಸ್ ವಾಸನೆ. ತುಸು ಸಿಹಿ, ಹುಳಿ ಮಧ್ಯಮ, ಒಗರಿಲ್ಲ. ಗಂಟಲಲ್ಲಿ ಉರಿಯಿಲ್ಲ. ರುಚಿ ಐದು ಸೆಕೆಂಡ್ ನಿಂತಿತು. ಪಕ್ಕದ ಸೊವಿನ್ಯೋನ್‌ಗಿಂತ ದುಂಡು, ಅದರಷ್ಟು ಚುರುಕಿಲ್ಲ.” ಇಷ್ಟವಾಯಿತೋ ಇಲ್ಲವೋ ಎಂಬುದನ್ನು ಕೊನೆಗೆ ಬೇರೆ ಸಾಲಿನಲ್ಲಿ ಬರೆಯಿರಿ. ಮೊದಲೇ ಬರೆದರೆ ಉಳಿದ ಸಾಲುಗಳು ಅದಕ್ಕೆ ತಕ್ಕಂತೆ ಬಾಗುತ್ತವೆ. ಒಬ್ಬೊಬ್ಬರೂ ಬರೆದು ಮುಗಿಸುವ ತನಕ ಯಾರೂ ಬಾಯಿಬಿಡಬಾರದು. ಒಬ್ಬರು ‘ಅನಾನಸ್’ ಎಂದರೆ ಎಲ್ಲರಿಗೂ ಅದೇ ಸಿಗುತ್ತದೆ.

ಕೆಟ್ಟಿದೆಯೇ?

ಒದ್ದೆ ಗೋಣಿಚೀಲದ ಮುಗ್ಗಲು ವಾಸನೆ ಬಂದು ಹಣ್ಣಿನ ಪರಿಮಳ ಸತ್ತಿದ್ದರೆ ಕಾರ್ಕಿನ ದೋಷ. ಬಿಳಿ ವೈನ್ ಕಂದು ತಿರುಗಿ, ಕೊಯ್ದಿಟ್ಟ ಸೇಬಿನ ವಾಸನೆ ಬಂದರೆ ಗಾಳಿ ಹೊಕ್ಕಿದೆ. ಬೇಯಿಸಿದ ಹಣ್ಣಿನ ವಾಸನೆ ಬಂದು, ಕಾರ್ಕ್ ತುಸು ಮೇಲೆದ್ದಿದ್ದರೆ ಬಾಟಲಿ ಸೆಕೆಗೆ ಸಿಕ್ಕಿರಬೇಕು. ವಿನೆಗರ್ ಅಥವಾ ಉಗುರುಬಣ್ಣ ಒರೆಸುವ ದ್ರವದ ವಾಸನೆ ಗಾಢವಾಗಿದ್ದರೆ ಬ್ಯಾಕ್ಟೀರಿಯಾ ಕೆಲಸ. ಗೀರಿದ ಬೆಂಕಿಕಡ್ಡಿಯ ವಾಸನೆ ಮಾತ್ರ ಬಹುಪಾಲು ತಾತ್ಕಾಲಿಕ, ಹತ್ತು ನಿಮಿಷ ಲೋಟ ತಿರುಗಿಸಿದರೆ ಹಾರಿಹೋಗಬಹುದು.

ಉಳಿದ ವೈನಿಗೆ ಗಟ್ಟಿಯಾಗಿ ಮುಚ್ಚಳ ಹಾಕಿ, ಕೆಂಪಾದರೂ ಫ್ರಿಜ್ಜಿನಲ್ಲೇ ನಿಲ್ಲಿಸಿ. ಮೂರು ದಿನ ಬರುತ್ತದೆ. ಮಾರನೆಯ ದಿನ ಹಳೆಯ ಟಿಪ್ಪಣಿ ನೋಡದೆ ಅದೇ ಜೋಡಿಯನ್ನು ಮತ್ತೆ ಬರೆದು, ಆಮೇಲೆ ಎರಡನ್ನೂ ಹೋಲಿಸಿ. ಹುಳಿ, ಸಿಹಿಯ ಸಾಲುಗಳು ಹೆಚ್ಚುಕಡಿಮೆ ಹಾಗೇ ಇದ್ದು ಪರಿಮಳದ ಸಾಲು ಮಾತ್ರ ಬದಲಾಗಿದ್ದರೆ ಅದು ಗಾಳಿ ತಾಗಿದ ಪರಿಣಾಮ. ಹುಳಿಯ ಸಾಲೇ ಅದಲುಬದಲಾಗಿದ್ದರೆ ನೀರಿನ ಪಾಠಕ್ಕೆ ಮರಳಿ.