ಹಳದಿ ಗರುಗ ಗುರುತಿಸಬೇಕಾ? ಹೂ ಬಿಡಿ, ಎಲೆ ನೋಡಿ

ಮದುವೆಯಾಗಿ ಬಂದ ಹೊಸತರಲ್ಲಿ ನರ್ಸರಿಯೊಂದರಿಂದ ಹಳದಿ ಗರುಗ ಅಂತ ಒಂದು ಗಿಡ ತಂದು ತೋಡಿನ ಬದಿಗೆ ನೆಟ್ಟಿದ್ದೆ. ಅತ್ತೆ ನೋಡಿದವರೇ "ಇದು ನಮ್ಮದಲ್ಲ ಮಾರಾಯ್ತಿ" ಅಂದರು. ಹೂ ಹಳದಿಯೇ ಇದೆಯಲ್ಲ ಅಂತ ನಾನು ಅವರ ಮಾತು ಕೇಳಲಿಲ್ಲ. ಎರಡು ಮಳೆಗಾಲದಲ್ಲಿ ಅದು ತೋಡು ದಾಟಿ ಅಡಿಕೆ ಬುಡಕ್ಕೆ ಹಬ್ಬಿತು. ಈಗಲೂ ಕೀಳುತ್ತಲೇ ಇದ್ದೇನೆ.

ನಾನು ನೆಟ್ಟಿದ್ದು ಸಿಂಗಪುರ ಡೇಸಿ. ಹೆಸರಷ್ಟೇ ಸಿಂಗಪುರ, ತವರು ಮೆಕ್ಸಿಕೊ ಮತ್ತು ಅದರ ಕೆಳಗಿನ ಅಮೆರಿಕ. ಪಾರ್ಕುಗಳಲ್ಲಿ ನೆಲ ಮುಚ್ಚಲು ಬೆಳೆಸುವುದು ಇದನ್ನೇ. ನಮ್ಮ ಊರಿನ ಹಳದಿ ಗರುಗದ ಸಸ್ಯಶಾಸ್ತ್ರದ ಹೆಸರು ಸ್ಫ್ಯಾಗ್ನೆಟಿಕೋಲ ಕ್ಯಾಲೆಂಡುಲೇಸಿಯ. ಹಳೆಯ ಪುಸ್ತಕಗಳಲ್ಲಿ ವೆಡೇಲಿಯ ಚೈನೆನ್ಸಿಸ್ ಅಂತಿರುತ್ತದೆ.

ಎರಡೂ ತೇವ ಇರುವಲ್ಲಿ ನೆಲಕ್ಕೆ ಅಂಟಿಕೊಂಡು ಹರಿಯುತ್ತವೆ, ಗೆಣ್ಣು ಗೆಣ್ಣಿಗೆ ಬೇರು ಬಿಡುತ್ತವೆ, ವರ್ಷ ವರ್ಷ ಉಳಿಯುತ್ತವೆ, ಹೂವೂ ಎರಡರದ್ದೂ ಹಳದಿ. ಹಾಗಾಗಿ ಸುಮ್ನೆ ಹೂ ನೋಡಿ ತೀರ್ಮಾನ ಮಾಡಬೇಡಿ. ಕೂತು ಎಲೆ ಹಿಡಿಯಿರಿ. ನಮ್ಮ ಗರುಗದ ಎಲೆ ಉದ್ದ, ಕಿರಿದು. ಅಗಲ ಹೆಚ್ಚೆಂದರೆ ಒಂದು ಬೆರಳಿನಷ್ಟು. ಅಂಚು ನುಣುಪು, ಇಲ್ಲವೇ ಅಲ್ಲೊಂದು ಇಲ್ಲೊಂದು ಸಣ್ಣ ಹಲ್ಲು. ಸವರಿದರೆ ತರಿತರಿ. ಸಿಂಗಪುರದ್ದು ದಪ್ಪ, ಅಗಲ, ಮೇಲೆ ಹೊಳಪು, ಎಡಕ್ಕೂ ಬಲಕ್ಕೂ ಒಂದೊಂದು ಕಿವಿ. ಆದರೆ ಹೂವಿನ ಹತ್ತಿರದ ಎಳೆ ಎಲೆಗೆ ಕಿವಿ ಇಲ್ಲದೆಯೂ ಇರಬಹುದು. ನಾನು ಮೋಸ ಹೋಗಿದ್ದೂ ಅಲ್ಲೇ. ಬಳ್ಳಿ ಎತ್ತಿ ಕೆಳಗಿನ ನಾಲ್ಕೈದು ಎಲೆ ನೋಡಿ.

ನಮ್ಮ ಗರುಗದ ಹೂ ಒಂದೊಂದೇ, ಉದ್ದ ತೊಟ್ಟಿನ ತುದಿಯಲ್ಲಿ, ಸುಮಾರು 2 ಸೆಂ.ಮೀ. ಅಗಲ. ಎಸಳಿನ ತುದಿ ಕತ್ತರಿಯಿಂದ ಕಚ್ಚು ಹಾಕಿದ ಹಾಗಿರುತ್ತದೆ. ಎಸಳು ಬಿಳಿ ಇದ್ದರೆ ಅದು ತಲೆಗೆ ಎಣ್ಣೆ ಕಾಸುವ ಮಾಮೂಲಿ ಗರುಗ, ಬೇರೆಯೇ ಗಿಡ.

ಹಳದಿ ಗರುಗ ಹುಡುಕಲು ಗದ್ದೆಯಂಚು, ತೋಡಿನ ದಂಡೆಗೆ ಹೋಗಿ. ನಮ್ಮಲ್ಲಿ ಈಗ ಜಾಸ್ತಿ ಉಳಿದಿರುವುದು ಕಳೆನಾಶಕ ಬೀಳದ ಒಂದು ಅಂಚಿನಲ್ಲಿ ಮಾತ್ರ. ಫೋಟೊ ತೆಗೆದುಕೊಳ್ಳಿ, ಕೀಳಬೇಡಿ.

ಸಿಂಗಪುರದ್ದೇ ಅಂತ ಖಾತ್ರಿಯಾದರೆ ಬೇರು ಸಮೇತ ಕಿತ್ತು ಬಿಸಿಲಲ್ಲಿ ಗರಿಗರಿ ಒಣಗಿಸಿ. ತೋಡಿಗೆ ಮಾತ್ರ ಎಸೆಯಬೇಡಿ. ಒಂದು ಗೆಣ್ಣು ತೇಲಿ ಹೋದರೂ ಕೆಳಗಿನ ಮನೆಯವರ ತೋಟದಲ್ಲಿ ಚಿಗುರುತ್ತದೆ. ನಮ್ಮ ಕೆಳಗಿನ ಮನೆಯವರಿಗೆ ಈ ವಿಷಯ ಇನ್ನೂ ಹೇಳಿಲ್ಲ.